ಬೇಸ್‌ಬಾಲ್ ಆಟದಲ್ಲಿ ದಾಂಡಿಗರ ಸರದಿ

ತರಗತಿಯ ಕ್ರಿಕೆಟ್ ತಂಡಕ್ಕೆ ನಾನು ನಾಯಕನಾಗಿದ್ದಾಗ, "ನನ್ನನ್ನೇಕೆ ಎಂಟನೆಯವನಾಗಿ ಬರೆದೆಯೋ?" ಎಂದು ಗೆಳೆಯನೊಬ್ಬ ಮುನಿಸಿಕೊಂಡ. ಸರದಿ ಎಂಬುದು ಮರ್ಯಾದೆಯ ಮಾತೋ ಲೆಕ್ಕದ ಮಾತೋ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡಿತು. ಅಮೆರಿಕದ ಬೇಸ್‌ಬಾಲ್ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ.

ಕ್ರಿಕೆಟ್ಟಿನಲ್ಲಿ ನಾಯಕನು ಕ್ರಮವನ್ನು ನಡುವೆಯೇ ಬದಲಿಸಬಹುದು. ಬೇಸ್‌ಬಾಲಿನಲ್ಲಿ ಹಾಗಲ್ಲ. ಒಂಬತ್ತು ಮಂದಿಯ ಸರದಿಯನ್ನು ಮೊದಲೇ ಬರೆದು ಅಂಪೈರಿಗೆ ಕೊಡಬೇಕು. ಮೂವರು ಔಟಾದರೆ ತಂಡದ ಒಂದು ಇನ್ನಿಂಗ್ಸ್ ಮುಗಿಯಿತು; ಮುಂದಿನದು ಸರದಿ ನಿಂತಲ್ಲಿಂದಲೇ ಮೊದಲಾಗುತ್ತದೆ. ಒಂಬತ್ತನೆಯವನ ಬಳಿಕ ಮತ್ತೆ ಮೊದಲನೆಯವನು. ಆದ್ದರಿಂದ ಇದು ಊಟದ ಪಂಕ್ತಿಯಲ್ಲ, ತಿರುಗುವ ರಾಟೆ.

ಹಳೆಯ ಪದ್ಧತಿ ಹೀಗಿತ್ತು: ಮೊದಲನೆಯವನು ಚುರುಕಾಗಿ ಓಡುವವನು, ಎರಡನೆಯವನು ಚೆಂಡನ್ನು ಮೆಲ್ಲನೆ ತಟ್ಟಿ, ತಾನು ಔಟಾದರೂ ಅವನನ್ನು ಮುಂದಿನ ಬೇಸಿಗೆ ಸಾಗಿಸುವವನು, ಮೂರನೆಯವನು ಎಲ್ಲರಿಗಿಂತ ನುರಿತವನು, ನಾಲ್ಕನೆಯವನು ಬೀಸಿ ಹೊಡೆದು, ಬೇಸುಗಳಲ್ಲಿ ಕಾದಿರುವವರೆಲ್ಲ ಓಟ ಪೂರೈಸುವಂತೆ ಮಾಡುವ ಬಲಶಾಲಿ. 1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡವು ಸರದಿಗನುಸಾರವಾಗಿ ಅಂಗಿಗಳಿಗೆ ಅಂಕೆ ಹಾಕಿದಾಗ ಬೇಬ್ ರೂತ್‌ಗೆ 3, ಲೂ ಗೆಹ್ರಿಗ್‌ಗೆ 4 ಬಂದದ್ದು ಹೀಗೆ.

ಲೆಕ್ಕಿಗರು ಇದನ್ನು ಪರೀಕ್ಷಿಸಿದರು. ಆಟ ಯಾರ ಸರದಿಯಲ್ಲಿ ಬೇಕಾದರೂ ಮುಗಿಯಬಹುದಷ್ಟೆ. ಹಾಗಾಗಿ ಒಂಬತ್ತು ಆಟಗಳಲ್ಲಿ ಸುಮಾರು ಒಂದರಲ್ಲಿ, ಮುಂದಿನವನಿಗೆ ಹಿಂದಿನವನಿಗಿಂತ ಒಂದು ಸರದಿ ಹೆಚ್ಚು ಸಿಗುತ್ತದೆ. ವರ್ಷದ 162 ಆಟಗಳಲ್ಲಿ ಅದು ಸುಮಾರು 18 ಸರದಿ! ಮೇಲಾಗಿ, ಮೊದಲ ಇನ್ನಿಂಗ್ಸಿನಲ್ಲಿ ಮೂರನೆಯವನು ಬರುವಾಗ ಎಷ್ಟೋ ವೇಳೆ ಇಬ್ಬರು ಔಟಾಗಿ ಬೇಸುಗಳು ಬರಿದಾಗಿರುತ್ತವೆ. ಆದುದರಿಂದ ಈಗ ಅನೇಕ ತಂಡಗಳು ತಮ್ಮ ಉತ್ತಮ ದಾಂಡಿಗನನ್ನು ಎರಡನೆಯ ಸ್ಥಾನಕ್ಕೆ ತಂದಿವೆ. ಮೊದಲನೆಯವನಲ್ಲೂ ಬರಿಯ ವೇಗಕ್ಕಿಂತ, ಔಟಾಗದೆ ಬೇಸು ಸೇರುವ ಗುಣವನ್ನೇ ನೋಡುತ್ತಾರೆ. ಒಂಬತ್ತು ಇನ್ನಿಂಗ್ಸಿಗೆ 27 ಔಟುಗಳೇ ತಂಡದ ಬಂಡವಾಳ. ಅದನ್ನು ಬೇಕೆಂದು ಖರ್ಚುಮಾಡುವುದು ಜಾಣತನವಲ್ಲ.

ಬಾಲದ ತುದಿಗೂ ಬೆಲೆಯುಂಟು. ಚೆಂಡೆಸೆಯುವವನು ದಾಂಡಿಗನಾಗಿ ದುರ್ಬಲನಾದ್ದರಿಂದ ಅವನನ್ನು ಒಂಬತ್ತನೆಯವನಾಗಿ ಇಡುವುದು ವಾಡಿಕೆಯಾಗಿತ್ತು. 1998ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಟೋನಿ ಲಾ ರೂಸ ಅವನನ್ನು ಎಂಟಕ್ಕೆ ಸರಿಸಿದರು. ರಾಟೆ ತಿರುಗಿ ಮಾರ್ಕ್ ಮೆಗ್ವಾಯರ್ ಬರುವ ಹೊತ್ತಿಗೆ ಬೇಸಿನಲ್ಲಿ ಯಾರಾದರೂ ಇರಲೆಂಬುದೇ ಅವರ ಉಪಾಯ. ಅಲ್ಲಿ ಒಂಬತ್ತನೆಯವನು ಕೊನೆಯವನಲ್ಲ, ಮೊದಲನೆಯವನ ಹಿಂದಿನವನು.

ಆದರೂ ಸರದಿಯಿಂದ ಆಗುವ ಲಾಭ ಅಲ್ಪವೇ; ಆಡುವವರು ಯಾರೆಂಬುದೇ ಮುಖ್ಯ. ಇದನ್ನೆಲ್ಲ ಗೆಳೆಯನಿಗೆ ವಿವರಿಸಿದೆ. ಅವನು ಸಾವಧಾನವಾಗಿ ಕೇಳಿ, "ಲಾಭ ಅಲ್ಪವಾದರೆ ನನ್ನನ್ನು ಎರಡನೆಯವನಾಗಿ ಕಳಿಸಲು ನಿನಗೇನು ಕಷ್ಟ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ, ಮುಂದಿನ ಪಂದ್ಯಕ್ಕೆ ಹಾಗೆಯೇ ಬರೆದೆ.