ನಿಮಗಿದು ಗೊತ್ತೆ? ಪಂಪ್ ಕಳಚಿಟ್ಟ ಹೃದಯಗಳು
ಸೋತ ಹೃದಯಕ್ಕೆ ಯಂತ್ರದ ಪಂಪ್ ಜೋಡಿಸಿದರೆ, ಕೆಲವೊಮ್ಮೆ ಹೃದಯವೇ ಚೇತರಿಸಿಕೊಂಡು ಪಂಪನ್ನು ತೆಗೆದುಹಾಕಬಹುದು! ಈ ಪಂಪ್ ಎಡ ಹೃತ್ಕುಕ್ಷಿಯ ರಕ್ತವನ್ನು ಮಹಾಪಧಮನಿಗೆ ತಳ್ಳುತ್ತದೆ. ಅದರ ತಂತಿ ಹೊಟ್ಟೆಯ ಚರ್ಮದಿಂದ ಹೊರಬಂದು, ರೋಗಿ ಮೈಮೇಲೆ ಹೊತ್ತ ಬ್ಯಾಟರಿಯತ್ತ ಸಾಗುತ್ತದೆ. ಹೊರೆ ಇಳಿದಂತೆ ಹಿಗ್ಗಿದ್ದ ಹೃದಯ ಕುಗ್ಗತೊಡಗುತ್ತದೆ.

ಲಂಡನ್ನಿನ ಹೇರ್‌ಫೀಲ್ಡ್ ಆಸ್ಪತ್ರೆಯ ಮಗ್ದಿ ಯಾಕೂಬ್ ತಂಡ ಪಂಪ್ ಜೊತೆಗೆ ಔಷಧಗಳನ್ನೂ ಕೊಟ್ಟಿತು. ಮೊದಲು ಹೃದಯದ ಹಿಗ್ಗುವಿಕೆ ತಗ್ಗಿಸುವ ಮಾತ್ರೆಗಳು, ಆಮೇಲೆ ಸ್ನಾಯುವಿಗೆ ಬಲ ತುಂಬಲು ಕ್ಲೆನ್‌ಬ್ಯುಟೆರಾಲ್. ಅದು ಮೂಲತಃ ಆಸ್ತಮಾ ಔಷಧ ಎಂಬುದೇ ಅಚ್ಚರಿ! 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, 15 ರೋಗಿಗಳಲ್ಲಿ 11 ಮಂದಿಯ ಪಂಪ್ ತೆಗೆಯಲು ಸಾಧ್ಯವಾಯಿತು. ಎಲ್ಲರಿಗೂ ಈ ಭಾಗ್ಯವಿಲ್ಲ. ಹೃದಯಾಘಾತದಲ್ಲಿ ಸ್ನಾಯು ಸತ್ತು ಕಲೆಗಟ್ಟಿದವರಲ್ಲಿ ಇಂಥ ಚೇತರಿಕೆ ಅಪರೂಪ.