ಕೊಂಬು ದೊಡ್ಡದಿರಲಿ, ಭಾರ ಬೇಡ

‘ಶುಕ್ರವಾರ ವನ್ಯಜೀವಿ ಸಪ್ತಾಹದ ಛದ್ಮವೇಷ ಸ್ಪರ್ಧೆ ಇದೆ. ಮಕ್ಕಳನ್ನು ಪ್ರಾಣಿ ವೇಷದಲ್ಲಿ ಕಳಿಸಿ’ ಅಂತ ಶಾಲೆಯ ವಾಟ್ಸಾಪ್ ಗ್ರೂಪಿಗೆ ಮೆಸೇಜು ಬರುವುದು ಸಾಮಾನ್ಯವಾಗಿ ಬುಧವಾರ ರಾತ್ರಿ. ಗುರುವಾರ ಸಂಜೆ ಡ್ರೆಸ್ ಬಾಡಿಗೆ ಅಂಗಡಿಗೆ ಓಡಿದರೆ ಅಲ್ಲಿ ಉಳಿದಿರುವುದು ಹುಲಿ, ಸಿಂಹ, ಮೊಲ. ಮರುದಿನ ವೇದಿಕೆ ಮೇಲೆ ಎಂಟು ಹುಲಿ, ಆರು ಸಿಂಹ. ತೀರ್ಪುಗಾರರಿಗೂ ಬೇಜಾರು, ಬೆವರುವ ಮಕ್ಕಳಿಗೂ ಬೇಜಾರು.

ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ಅದಾದ ಮೇಲೆ ರಾಜ್ಯೋತ್ಸವ, ಮಕ್ಕಳ ದಿನ, ಶಾಲಾ ವಾರ್ಷಿಕೋತ್ಸವ. ಅಂದರೆ ವೇಷದ ಸೀಸನ್ ಉದ್ದ ಇದೆ. ಮೂರ್ನಾಲ್ಕು ಸಂಜೆ ಕೈಯಲ್ಲಿದ್ದರೆ ಕೊಂಬಿರುವ ಪ್ರಾಣಿಯ ವೇಷವನ್ನು ಮನೆಯಲ್ಲೇ ಮಾಡಬಹುದು. ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಊರು ಚನ್ನಗಿರಿ ಕಡೆ. ಅಕ್ಕನ ಮಗನಿಗೆ ಜಿಂಕೆ ವೇಷ ಕಟ್ಟಿಕೊಟ್ಟ ಮೇಲೆ ಈಗ ನಮ್ಮ ನೆಂಟರಲ್ಲಿ ನನಗೆ ‘ಕೊಂಬಿನ ಮಾಮ’ ಅಂತ ಹೆಸರು. ಕೆಲಸ ಕಷ್ಟದ್ದಲ್ಲ. ಆದರೆ ಕತ್ತರಿ ಹಿಡಿಯುವ ಮೊದಲು ಒಂದು ವಿಷಯ ತೀರ್ಮಾನ ಆಗಬೇಕು: ಯಾವ ಪ್ರಾಣಿ?

ಕೋಡು ಬೇರೆ, ಕವಲುಗೊಂಬು ಬೇರೆ

ನಾವು ಎಲ್ಲವನ್ನೂ ‘ಕೊಂಬು’ ಅಂದುಬಿಡುತ್ತೇವೆ. ಪ್ರಕೃತಿಯಲ್ಲಿ ಇವು ಎರಡು ಬೇರೆ ಬೇರೆ ವಿನ್ಯಾಸ.

ಎತ್ತು, ಮೇಕೆ, ಕೃಷ್ಣಮೃಗಗಳದ್ದು ಕೋಡು. ಒಳಗೆ ಮೂಳೆಯ ದಿಂಡು, ಮೇಲೆ ನಮ್ಮ ಉಗುರಿನಂಥದೇ ವಸ್ತುವಿನ ಹೊದಿಕೆ. ಕವಲೊಡೆಯುವುದಿಲ್ಲ, ಉದುರುವುದೂ ಇಲ್ಲ. ಜೀವನಪೂರ್ತಿ ಒಂದೇ ಜೊತೆ.

ಚುಕ್ಕೆ ಜಿಂಕೆ, ಕಡವೆಗಳದ್ದು ಕವಲುಗೊಂಬು. ಅದು ಪೂರ್ತಿ ಮೂಳೆ. ಗಂಡಿಗೆ ಮಾತ್ರ ಬರುತ್ತದೆ. ಬೆಳೆಯುವಾಗ ಮೇಲೆ ಮಖಮಲ್ಲಿನಂಥ ರೋಮದ ಚರ್ಮ ಇರುತ್ತದೆ, ಬಲಿತ ಮೇಲೆ ಆ ಚರ್ಮ ಒಣಗಿ ಸುಲಿದು ಹೋಗುತ್ತದೆ. ಒಂದಷ್ಟು ತಿಂಗಳಿಗೆ ಕೊಂಬೇ ಉದುರಿ, ಮತ್ತೆ ಹೊಸದು ಮೊಳೆಯುತ್ತದೆ.

ಇದರಲ್ಲಿ ನಮಗೊಂದು ಅನುಕೂಲ ಇದೆ. ಬಣ್ಣ ಹಚ್ಚುವುದಕ್ಕೆ ಟೈಮ್ ಇಲ್ಲ ಅಂದರೆ ಕೊಂಬಿಗೆ ಕಂದು ಮಖಮಲ್ ಬಟ್ಟೆ ಸುತ್ತಿಬಿಡಿ. ಯಾರಾದರೂ ಕೇಳಿದರೆ ‘ಇದು ಈಗಷ್ಟೇ ಬೆಳೀತಾ ಇರೋ ಕೊಂಬು’ ಅಂತ ಮಗು ಧೈರ್ಯವಾಗಿ ಹೇಳಬಹುದು. ಅದು ಸುಳ್ಳಲ್ಲ.

ನಮ್ಮ ಸುತ್ತಲಿನ ಮೂರು ತಲೆಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರಿಗೆ ಆಯ್ಕೆ ಹುಡುಕಲು ದೂರ ಹೋಗಬೇಕಿಲ್ಲ.

ಚನ್ನಗಿರಿ, ನ್ಯಾಮತಿ ಕಡೆಯ ಮಕ್ಕಳು ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪಕ್ಕೆ ಶಾಲಾ ಪ್ರವಾಸ ಹೋಗಿ ಚುಕ್ಕೆ ಜಿಂಕೆ ನೋಡಿರುತ್ತಾರೆ. ಆಚೆಗೆ ಹೋದರೆ ಭದ್ರಾ ಕಾಡಲ್ಲಿ ಹಿಂಡು ಹಿಂಡಾಗಿ ಇವೆ.

ಹೊನ್ನಾಳಿಯಿಂದ ರಾಣೆಬೆನ್ನೂರು ದೂರವಿಲ್ಲ. ಅಲ್ಲಿ 1974ರಲ್ಲಿ ಆದ ಕೃಷ್ಣಮೃಗ ಅಭಯಾರಣ್ಯ ಇದೆ. ಮೇಲೆ ಕಪ್ಪು, ಹೊಟ್ಟೆ ಬಿಳಿ, ಕಣ್ಣ ಸುತ್ತ ಬಿಳಿ ಉಂಗುರ, ತಲೆ ಮೇಲೆ ತಿರುಪಿನಂತೆ ಸುರುಳಿ ಸುತ್ತಿದ ಕೋಡು.

ಇನ್ನು ಜಗಳೂರು. ಬರದ ಸುದ್ದಿಗೇ ಹೆಸರಾದ ಈ ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮ ಇದೆ. ಘೋಷಣೆಯಾದದ್ದು 2011ರಲ್ಲಿ, ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ಕೊಂಡುಕುರಿಗೆ ನಾಲ್ಕು ಕೋಡು. ಕಿವಿಗಳ ನಡುವೆ 8ರಿಂದ 12 ಸೆಂಟಿಮೀಟರ್‌ನ ಒಂದು ಜೊತೆ, ಹಣೆ ಮೇಲೆ 2ರಿಂದ 5 ಸೆಂಟಿಮೀಟರ್‌ನ ಇನ್ನೊಂದು ಜೊತೆ. ಇವೂ ಗಂಡಿಗೆ ಮಾತ್ರ. ಭುಜದ ಎತ್ತರ ಎರಡು ಅಡಿ ಆಸುಪಾಸು, ತೂಕ 20 ಕೆ.ಜಿ. ಹತ್ತಿರ. ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಪ್ರಾಣಿ ಇದು, ಅಪಾಯದ ಅಂಚಿನ ಪಟ್ಟಿಯಲ್ಲಿದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಆಫ್ರಿಕಾದ ಜಿರಾಫೆ ಗೊತ್ತು, ಜಗಳೂರಿನ ಕೊಂಡುಕುರಿ ಗೊತ್ತಿಲ್ಲ. ವೇಷ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ನಿಜದ ಕೊಂಬು ಬೇಡವೇ ಬೇಡ

ಹಳೇ ಮನೆಗಳ ಪಡಸಾಲೆಯಲ್ಲಿ ಮುತ್ತಜ್ಜನ ಕಾಲದ ಜಿಂಕೆ ಕೊಂಬು ನೇತಾಡುತ್ತಿರುತ್ತದೆ. ‘ಅದನ್ನೇ ಟೋಪಿಗೆ ಕಟ್ಟಿಬಿಡಿ’ ಅನ್ನುವ ಹಿರಿಯರು ಒಬ್ಬರಾದರೂ ಇರುತ್ತಾರೆ. ಒಪ್ಪಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಸೂಕ್ತ ದಾಖಲೆ ಇಲ್ಲದೆ ವನ್ಯಪ್ರಾಣಿಯ ಕೊಂಬು, ಉಗುರು, ಚರ್ಮ ಇಟ್ಟುಕೊಳ್ಳುವುದೇ ಅಪರಾಧ. 2023ರ ಹುಲಿ ಉಗುರಿನ ಪೆಂಡೆಂಟ್ ಗಲಾಟೆ ನೆನಪಿರಬೇಕಲ್ಲ? ಅದಾದ ಮೇಲೆ 2024ರಲ್ಲಿ ರಾಜ್ಯ ಸರ್ಕಾರ ಇಂಥ ವಸ್ತುಗಳನ್ನು ಅರಣ್ಯ ಇಲಾಖೆಗೆ ಒಪ್ಪಿಸಲು ಮೂರು ತಿಂಗಳ ಅವಕಾಶವನ್ನೂ ಕೊಟ್ಟಿತ್ತು. ಕಾಡಲ್ಲಿ ಉದುರಿ ಬಿದ್ದ ಕೊಂಬನ್ನೂ ಎತ್ತಿಕೊಂಡು ಬರುವ ಹಾಗಿಲ್ಲ. ಪ್ರಾಣಿಯನ್ನು ಉಳಿಸಿ ಅಂತ ಹೇಳುವ ಕಾರ್ಯಕ್ರಮಕ್ಕೆ ಪ್ರಾಣಿಯದೇ ಅಂಗ ಹೊತ್ತು ಹೋಗುವುದು ಸರಿಯೂ ಅಲ್ಲ.

ಕಾನೂನು ಪಕ್ಕಕ್ಕಿಟ್ಟರೂ ಭಾರದ ಪ್ರಶ್ನೆ ಇದೆ. ಇಂಗ್ಲೆಂಡಿನ ಆಬಟ್ಸ್ ಬ್ರಾಮ್ಲಿ ಅನ್ನುವ ಹಳ್ಳಿಯಲ್ಲಿ ಪ್ರತಿ ಸೆಪ್ಟೆಂಬರಿಗೆ ನಿಜವಾದ ಹಿಮಸಾರಂಗದ ಕೊಂಬು ಹಿಡಿದು ಕುಣಿಯುವ ಹಳೇ ಪದ್ಧತಿ ಇದೆ. ಅದರಲ್ಲಿ ಅತಿ ಭಾರದ ಜೊತೆ 11 ಕೆ.ಜಿ. ಮೀರುತ್ತದೆ. ದೊಡ್ಡವರೇ ಅದನ್ನು ತಲೆಗೆ ಕಟ್ಟಿಕೊಳ್ಳುವುದಿಲ್ಲ, ಕೈಯಲ್ಲಿ ಹಿಡಿದು ಹೆಗಲ ಆಸರೆ ಕೊಡುತ್ತಾರೆ.

ಮೊದಲು ಲೆಕ್ಕ, ಆಮೇಲೆ ಅಂಟು

ಎಂಟು ವರ್ಷದ ಮಗುವಿನ ಕುತ್ತಿಗೆ ಮೇಲೆ ನಾವು ಏನನ್ನೋ ನಿಲ್ಲಿಸುತ್ತಿದ್ದೇವೆ ಅನ್ನುವುದು ತಲೆಯಲ್ಲಿರಲಿ. ಮಗು ನೆಟ್ಟಗೆ ನಿಂತಾಗ ಭಾರ ಗೊತ್ತಾಗುವುದಿಲ್ಲ. ಬಗ್ಗಿ ನಮಸ್ಕಾರ ಮಾಡಿದಾಗ ಕೊಂಬು ಸನ್ನೆಗೋಲಿನ ಹಾಗೆ ಕುತ್ತಿಗೆಯನ್ನು ಎಳೆಯುತ್ತದೆ. ಭಾರ ಕುತ್ತಿಗೆಯಿಂದ ಎರಡು ಪಟ್ಟು ದೂರ ಹೋದರೆ, ತೂಕ ಅಷ್ಟೇ ಇದ್ದರೂ ಎಳೆತ ಎರಡು ಪಟ್ಟು. ಆದ್ದರಿಂದ ಎರಡು ನಿಯಮ: ಕೊಂಬಿನ ಬುಡ ಗಟ್ಟಿ, ತುದಿ ಹಗುರ. ಮತ್ತು ಎಲ್ಲ ಸೇರಿ ತೂಕಕ್ಕೆ ಒಂದು ಮಿತಿ. ನಾನು ಇಟ್ಟುಕೊಂಡದ್ದು ಟೋಪಿ ಸಮೇತ 300 ಗ್ರಾಂ. ಅಡುಗೆಮನೆ ತಕ್ಕಡಿ ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡಿ.

ಅಳತೆಗೆ ಬಂದರೆ, ಬಲಿತ ಚುಕ್ಕೆ ಜಿಂಕೆಯ ಕೊಂಬು ಮುಕ್ಕಾಲು ಮೀಟರ್ ಮೀರಬಹುದು. ಮಗುವಿಗೆ ಒಂದು ಅಡಿ ಸಾಕು. ಆಕಾರದಲ್ಲಿ ಮಾತ್ರ ರಾಜಿ ಬೇಡ. ಇಂಟರ್ನೆಟ್ಟಲ್ಲಿ ಸಿಗುವ ಮಾದರಿಗಳು ಹೆಚ್ಚಾಗಿ ಕ್ರಿಸ್‌ಮಸ್‌ನ ಹಿಮಸಾರಂಗದ್ದು, ಮರದ ಕೊಂಬೆಯಂತೆ ಹತ್ತಾರು ಕವಲು. ನಮ್ಮ ಚುಕ್ಕೆ ಜಿಂಕೆಗೆ ಒಂದು ಕೊಂಬಿಗೆ ಸಾಮಾನ್ಯವಾಗಿ ಮೂರೇ ತುದಿ. ಬುಡದ ಹತ್ತಿರ ಹಣೆಯ ಕಡೆಗೆ ಚಾಚಿದ್ದು ಒಂದು. ಮುಖ್ಯ ದಂಡ ಹಿಂದಕ್ಕೆ, ಹೊರಕ್ಕೆ ಬಾಗಿ ಮೇಲೇರುತ್ತದೆ, ತುದಿಯಲ್ಲಿ ಎರಡಾಗಿ ಸೀಳುತ್ತದೆ. ಹಳೇ ಕ್ಯಾಲೆಂಡರಿನ ಹಿಂದೆ ನಿಜ ಅಳತೆಯಲ್ಲಿ ಬರೆದುಕೊಳ್ಳಿ. ಎರಡೂ ಕೊಂಬು ಆ ಗೆರೆಯ ಮೇಲೆ ಕೂತರೆ ಜೋಡಿ ಸರಿಯಾಗಿದೆ ಅಂತ ಅರ್ಥ.

ಟೋಪಿಗೆ ಅಡಿಕೆ ಹಾಳೆ

ಪ್ಲಾಸ್ಟಿಕ್ ಹೇರ್‌ಬ್ಯಾಂಡಿಗೆ ಅಂಟಿಸಿದ ಕೊಂಬು ಎರಡು ಹೆಜ್ಜೆ ಕುಣಿದರೆ ಹಣೆಗೆ ಜಾರುತ್ತದೆ. ತಲೆಯನ್ನು ಸುತ್ತ ಹಿಡಿಯುವ ಬುಡ ಬೇಕು. ಚನ್ನಗಿರಿ ಸೀಮೆಯಲ್ಲಿ ಅದು ತೋಟದಲ್ಲೇ ಬಿದ್ದಿರುತ್ತದೆ. ಅದೇ ಅಡಿಕೆ ಹಾಳೆ. ಹಗುರ, ಗಟ್ಟಿ, ಗಾಳಿ ಆಡುತ್ತದೆ. ಕರಾವಳಿಯವರು ಹಾಳೆ ಟೊಪ್ಪಿ ಹಾಕಿಕೊಂಡು ಗದ್ದೆ ಕೆಲಸ ಮಾಡಿದ್ದು ಸುಮ್ಮನೆ ಅಲ್ಲ.

ಅಗಲವಾದ, ಬಿರುಕಿಲ್ಲದ ಹಾಳೆ ತಗೊಳ್ಳಿ. ಬಾಗಿಸಿದರೆ ಮುರಿಯದಷ್ಟು ಮೆತ್ತಗಾಗುವವರೆಗೆ ನೀರಲ್ಲಿ ನೆನೆಸಿ. ಮಗುವಿನ ತಲೆ ಅಳತೆಯ ಪಾತ್ರೆಯನ್ನು ಬೋರಲು ಹಾಕಿ, ಅದರ ಮೇಲೆ ಹಾಳೆ ಕೂರಿಸಿ, ಹಗ್ಗ ಬಿಗಿದು ಬಿಸಿಲಿಗಿಡಿ. ಒಣಗಿದ ಮೇಲೆ ಆಕಾರ ಹಾಗೇ ನಿಲ್ಲುತ್ತದೆ. ಅಂಚು ಕತ್ತರಿಸಿ, ಒಳಗೆ ಹಳೇ ಟೀ ಶರ್ಟಿನ ಬಟ್ಟೆ ಅಂಟಿಸಿ. ಗದ್ದದ ಕೆಳಗೆ ದಾರ ಕಟ್ಟಬೇಡಿ, ಅಗಲದ ಎಲಾಸ್ಟಿಕ್ ಹಾಕಿ. ಕೊಂಬು ಎಲ್ಲಾದರೂ ಸಿಕ್ಕಿಕೊಂಡರೆ ಟೋಪಿಯೇ ಕಳಚಿ ಬರಬೇಕು, ಮಗುವಿನ ಕುತ್ತಿಗೆ ಎಳೆಯಬಾರದು. ಹಾಳೆ ಸಿಗದ ಜಗಳೂರಿನವರಿಗೆ ಹಳೇ ಕ್ಯಾಪು ಸಾಕು, ಮುಂದಿನ ತಟ್ಟೆ ಕತ್ತರಿಸಿ.

ಕೊಂಬಿಗೆ ತಂತಿ, ಬೆಂಡು, ಹಳೇ ಪೇಪರ್

ಗಾರೆ ಕೆಲಸದವರು ಕಬ್ಬಿಣ ಕಟ್ಟಲು ಬಳಸುವ ಬೈಂಡಿಂಗ್ ವೈರ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಎರಡು ಮೂರು ಎಳೆ ಹೊಸೆದು ಮುಖ್ಯ ದಂಡ ಮಾಡಿ, ಒಂದೇ ಎಳೆಯಲ್ಲಿ ಕವಲು ಮಾಡಿ. ತಂತಿಯ ತುದಿಗಳನ್ನೆಲ್ಲ ಇಕ್ಕಳದಿಂದ ಒಳಕ್ಕೆ ಮಡಚಿ.

ದಪ್ಪ ತರುವುದಕ್ಕೆ ಜೋಳದ ದಂಟಿನ ಬೆಂಡು. ಚಿಕ್ಕವರಿದ್ದಾಗ ದಂಟು ಸುಲಿದು, ಸಿಬಿರು ಚುಚ್ಚಿ ಬಂಡಿ, ಎತ್ತು, ಕನ್ನಡಕ ಮಾಡಿದ್ದೀರಲ್ಲ, ಅದೇ ಬೆಂಡು. ಥರ್ಮಾಕೋಲ್ ಮಾಡುವ ಕೆಲಸವನ್ನೆಲ್ಲ ಇದು ಮಾಡುತ್ತದೆ, ತಿಪ್ಪೆಗೆ ಹಾಕಿದರೆ ಗೊಬ್ಬರ ಆಗುತ್ತದೆ. ತುಂಡುಗಳನ್ನು ತಂತಿಗೆ ಪೋಣಿಸಿ, ಬುಡಕ್ಕೆ ದಪ್ಪದ್ದು, ತುದಿಗೆ ಸಣ್ಣದು.

ಮೇಲೆ ಪೇಪರ್ ಪಟ್ಟಿ. ಎರಡು ಬೆರಳು ಅಗಲಕ್ಕೆ ಕೈಯಿಂದಲೇ ಹರಿಯಿರಿ, ಹರಿದ ಅಂಚು ಚೆನ್ನಾಗಿ ಕೂರುತ್ತದೆ. ಮೈದಾ ಗಂಜಿಗೆ ಸ್ವಲ್ಪ ಫೆವಿಕಾಲ್ ಬೆರೆಸಿ ಅಂಟಿಸಿ. ಹಿಂದೆ ಹುಳ ಬೀಳದಿರಲಿ ಅಂತ ಇಂಥ ಗಂಜಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಸಾಮಾನಿಗೆ ಬೇಡ. ಮೂರು ಪದರ ಸಾಕು, ಒಂದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ಅವಸರ ಮಾಡಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಬುಡದ ತಂತಿಯನ್ನು ಹಾಳೆಯ ಎರಡು ತೂತಿನಲ್ಲಿ ಇಳಿಸಿ, ಒಳಗಡೆ ಅಗಲವಾಗಿ ಚಾಚಿ, ಬಟ್ಟೆ ಪಟ್ಟಿ ಅಂಟಿಸಿ ಮುಚ್ಚಿ.

ಕೃಷ್ಣಮೃಗ ಮಾಡುವುದಾದರೆ ಉದ್ದನೆಯ ಪೇಪರ್ ಶಂಕುವಿಗೆ ಸೆಣಬಿನ ಹುರಿ ಒತ್ತೊತ್ತಾಗಿ ಸುತ್ತಿ ಕಪ್ಪು ಬಣ್ಣ ಹೊಡೆಯಿರಿ, ಕೋಡಿನ ಬಳೆಗಳು ತಾವೇ ಮೂಡುತ್ತವೆ. ಕೊಂಡುಕುರಿಗೆ ಇಷ್ಟೂ ಬೇಡ. ನಾಲ್ಕು ಪುಟ್ಟ ಶಂಕು, ಎರಡು ಹಿಂದೆ, ಎರಡು ಮುಂದೆ. ಮೊದಲ ಸಲ ಮಾಡುವವರಿಗೆ ಅದೇ ಸುಲಭ, ಯುಕೆಜಿ ಮಗುವಿಗೂ ಭಾರ ಆಗುವುದಿಲ್ಲ.

ಮೈಗೆ ಚುಕ್ಕೆ, ಮುಖಕ್ಕೆ ಬರೀ ಬಣ್ಣ

ಮುಖ ಮುಚ್ಚುವ ಮುಖವಾಡ ಬೇಡ. ಉಸಿರು ಕಟ್ಟುತ್ತದೆ, ಪಕ್ಕದ್ದು ಕಾಣುವುದಿಲ್ಲ, ಮಾತು ಮೈಕಿಗೆ ಕೇಳುವುದಿಲ್ಲ. 1997ರಲ್ಲಿ ಅಮೆರಿಕದ ಬ್ರಾಡ್‌ವೇಗೆ ‘ಲಯನ್ ಕಿಂಗ್’ ನಾಟಕ ತಂದ ಜೂಲಿ ಟೇಮರ್ ಸಿಂಹಗಳ ಮುಖವಾಡವನ್ನು ನಟರ ತಲೆ ಮೇಲೆ ಕೂರಿಸಿದರು, ನಟರ ಮುಖ ತೆರೆದೇ ಇತ್ತು. ಪ್ರೇಕ್ಷಕರಿಗೆ ಪ್ರಾಣಿಯೂ ಕಂಡಿತು, ಮನುಷ್ಯನೂ ಕಂಡ. ನಮಗೂ ಅದೇ ಸೂತ್ರ ಸಾಕು. ಟೋಪಿಯಲ್ಲಿ ಕೊಂಬು, ಕಿವಿ. ಮುಖದಲ್ಲಿ ಕಪ್ಪು ಮೂಗು ಮಾತ್ರ.

ಮೈಗೆ ಕಂದು ಬಣ್ಣದ ಹತ್ತಿ ಟೀ ಶರ್ಟು, ಪೈಜಾಮ. ಚುಕ್ಕೆಗಳನ್ನು ಎಲ್ಲೆಂದರಲ್ಲಿ ಇಡಬೇಡಿ, ಜಿಂಕೆಯ ಮೈಮೇಲೆ ಅವು ಸಾಲಾಗಿರುತ್ತವೆ. ಬೆನ್ನ ಮಧ್ಯೆ ಒಂದು ಗಾಢ ಪಟ್ಟೆ, ಗಂಟಲಿಗೆ ಬಿಳಿ. ಬಾಟಲಿ ಮುಚ್ಚಳ ಬಿಳಿ ಬಣ್ಣಕ್ಕೆ ಅದ್ದಿ ಒತ್ತುವ ಕೆಲಸ ಮಗುವಿಗೇ ಬಿಡಿ. ಕೊಂಡುಕುರಿಗೆ ಚುಕ್ಕೆ ಇಲ್ಲ, ಕಾಲಿನ ಮುಂಭಾಗಕ್ಕೆ ಒಂದು ಕಪ್ಪು ಗೆರೆ ಎಳೆದರೆ ಮುಗೀತು.

ವೇದಿಕೆಗೆ ಮುಂಚೆ ಟೆಸ್ಟಿಂಗ್

ನಮ್ಮ ಆಫೀಸಿನಲ್ಲಿ ಟೆಸ್ಟ್ ಆಗದ ಕೋಡ್ ಲೈವ್ ಹೋಗುವುದಿಲ್ಲ. ವೇಷಕ್ಕೂ ಅದೇ ನಿಯಮ. ಹಿಂದಿನ ದಿನವೇ ತೊಡಿಸಿ ಹತ್ತು ನಿಮಿಷ ಬಿಡಿ. ಬಾಗಿಲು ದಾಟಲಿ, ಬಗ್ಗಿ ಕಾಲು ಮುಟ್ಟಲಿ, ಮೂರು ಸಲ ಜಿಗಿಯಲಿ, ಆಟೋ ಹತ್ತಿ ಕೂರಲಿ. ಕೊಂಬಿನ ತುದಿ ನಿಮ್ಮ ಅಂಗೈಗೆ ಒತ್ತಿ ನೋಡಿ, ಚುಚ್ಚಿದರೆ ಸ್ಪಂಜಿನ ತುಂಡು ಅಂಟಿಸಿ. ಪಕ್ಕದಲ್ಲಿ ನಿಲ್ಲುವ ಮಗುವಿನ ಕಣ್ಣು ಸರಿಯಾಗಿ ಅದೇ ಎತ್ತರದಲ್ಲಿ ಇರುತ್ತದೆ. ಉದ್ಘಾಟನೆಯ ದೀಪದಿಂದ ದೂರ ನಿಲ್ಲಿಸಲು ಟೀಚರಿಗೆ ಮೊದಲೇ ಹೇಳಿಡಿ, ಪೇಪರ್, ಬೆಂಡು ಎರಡೂ ಬೇಗ ಹೊತ್ತಿಕೊಳ್ಳುತ್ತವೆ. ‘ಭಾರ ಇದೆಯಾ?’ ಅಂತ ಕೇಳಬೇಡಿ, ಇಲ್ಲ ಅಂತಲೇ ಹೇಳುತ್ತಾರೆ. ಕೈ ಪದೇ ಪದೇ ತಲೆಗೆ ಹೋಗುತ್ತಿದೆಯಾ ಅಂತ ನೋಡಿ. ಹೋಗುತ್ತಿದ್ದರೆ ಕೊಂಬನ್ನು ಒಂದೆರಡು ಇಂಚು ಕತ್ತರಿಸಿ. ಚಿಕ್ಕ ಕೊಂಬಿನ ಜಿಂಕೆಯೂ ಜಿಂಕೆಯೇ.

ಕೊನೆಗೆ ಎರಡು ಸಾಲು ಮಾತು ಕಲಿಸಿ. ‘ನಾನು ಕೊಂಡುಕುರಿ. ನನಗೆ ನಾಲ್ಕು ಕೋಡು. ನನ್ನ ಮನೆ ಜಗಳೂರಿನ ರಂಗಯ್ಯನದುರ್ಗದ ಕಾಡು. ನನ್ನನ್ನು ನೋಡಲು ಬಂದರೆ ಗಲಾಟೆ ಮಾಡಬೇಡಿ’ ಅಷ್ಟು ಸಾಕು. ಹುಲಿಗಳ ಗುಂಪಿನಲ್ಲಿ ಈ ಒಂದು ವೇಷ ಎಲ್ಲರಿಗೂ ನೆನಪಿರುತ್ತದೆ. ಅಪ್ಪ ಅಮ್ಮಂದಿರಲ್ಲೂ ಎಷ್ಟೋ ಜನ ಆ ಹೆಸರು ಕೇಳುವುದು ಅದೇ ಮೊದಲ ಸಲ ಆಗಿರುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಕೊಂಬನ್ನು ಹಳೇ ಪಂಚೆಯಲ್ಲಿ ಸುತ್ತಿ, ಬೇವಿನ ಸೊಪ್ಪಿಟ್ಟು ಅಟ್ಟಕ್ಕೆ ಹಾಕಿ. ಮುಂದಿನ ವರ್ಷ ಓಣಿಯ ಇನ್ನೊಂದು ಮಗುವಿಗೆ ಕೊಡಿ. ಅಷ್ಟರೊಳಗೆ ಮುರಿದುಹೋಯಿತಾ? ಚಿಂತೆ ಇಲ್ಲ, ಜಿಂಕೆಗೂ ಹಳೇದು ಉದುರಿ ಹೊಸದು ಬರುತ್ತದೆ.