ಪಾರ್ಕು ಯಾರದು?



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ 'ಪ' ಅಕ್ಷರದ ಪಾಠ ನಡೀತಿತ್ತು. ಪದ, ಪಾಠ, ಪಾತ್ರೆ ಅಂತ ಬರೆದೆವು. ಒಬ್ಬ ಅಕ್ಕ "ಪಾರ್ಕು" ಅಂದರು.

"ಪಾರ್ಕು ಅಂದರೆ ಏನು?" ಅಂತ ಕೇಳಿದೆವು.

"ದುಡ್ಡಿರೋರು ಬೆಳಗ್ಗೆ ನಡೆಯೋ ಜಾಗ" ಅಂದರು ಒಬ್ಬರು.

"ಕೆಲಸ ಇಲ್ಲದೋರು ಕೂರೋ ಜಾಗ" ಅಂದರು ಇನ್ನೊಬ್ಬರು.

"ಹೆಂಗಸರು ಹೋಗೋ ಜಾಗ ಅಲ್ಲ ಬಿಡಿ" ಅಂದರು ಮತ್ತೊಬ್ಬರು.

ಎಲ್ಲರೂ ನಕ್ಕರು. ಆದರೆ ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಪಾರ್ಕು ನಿಜವಾಗಿ ಯಾರದು? ಹೋಗಿ ನೋಡೇಬಿಡೋಣ ಅಂತ ತೀರ್ಮಾನ ಮಾಡಿದೆವು.

ರೈಲು ಹತ್ತಿದೆವು

ಒಂದು ಭಾನುವಾರ ಹೊರಟೆವು. ಕೆಲವರು ಕೆಜಿಎಫ್‌ನಲ್ಲಿ ರೈಲು ಹತ್ತಿದರು. ಉಳಿದವರು ಬಂಗಾರಪೇಟೆಯಲ್ಲಿ ಹತ್ತಿದೆವು. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬುತ್ತಿ ಕಟ್ಟಿಕೊಂಡಿದ್ದೆವು. ಬೆಂಗಳೂರಿನಲ್ಲಿ ಇಳಿದು, ಬಸ್ಸಿನ ಬೋರ್ಡು ನಾವೇ ಓದಿಕೊಂಡು ಬಸವನಗುಡಿಗೆ ಹೋದೆವು.

ಬೆಂಗಳೂರಿನ ಲಾಲ್‌ಬಾಗ್ ಹೆಸರು ಎಲ್ಲರಿಗೂ ಗೊತ್ತು. ಅದು 240 ಎಕರೆಯ ದೊಡ್ಡ ತೋಟ. ನಾವು ಹೋದದ್ದು ಅದಕ್ಕಿಂತ ಬಹಳ ಚಿಕ್ಕ ಪಾರ್ಕಿಗೆ. ಅದು ದೊಡ್ಡ ಬಸವಣ್ಣನ ಗುಡಿಯ ಪಕ್ಕದಲ್ಲೇ ಇದೆ. ಅದರ ಹೆಸರು ಬ್ಯೂಗಲ್ ರಾಕ್ ಪಾರ್ಕು. ಬ್ಯೂಗಲ್ ಅಂದರೆ ಕಹಳೆ. ರಾಕ್ ಅಂದರೆ ಬಂಡೆ. ಅದಕ್ಕೇ ಕಹಳೆ ಬಂಡೆ ಅಂತಲೂ ಕರೆಯುತ್ತಾರೆ.

ಗೇಟಿನ ಹತ್ತಿರ ನಮ್ಮ ಹಿರಿಯ ಅಕ್ಕ ನಿಂತುಬಿಟ್ಟರು. "ಒಳಗೆ ಬಿಡ್ತಾರಾ ಮೇಡಂ? ದುಡ್ಡು ಎಷ್ಟು ಕೇಳ್ತಾರೋ?" ಅಂದರು.

"ಬೋರ್ಡು ಓದಿ ಅಕ್ಕ" ಅಂದೆವು.

ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಬೋರ್ಡಿನಲ್ಲಿ ಪಾರ್ಕಿನ ಹೆಸರಿತ್ತು. ಬಾಗಿಲು ತೆರೆಯುವ ಹೊತ್ತು ಇತ್ತು. ಹೂವು ಕೀಳಬಾರದು ಅಂತ ಇತ್ತು. ದುಡ್ಡಿನ ಮಾತು ಎಲ್ಲೂ ಇರಲಿಲ್ಲ. ಹೆಂಗಸರು ಬರಬಾರದು ಅಂತಲೂ ಇರಲಿಲ್ಲ.

"ಹಾಗಾದರೆ ನಡೀರಿ" ಅಂತ ಅವರೇ ಮುಂದೆ ನಡೆದರು.

ಬಂಡೆಯ ಕಥೆ

ಒಳಗೆ ದೊಡ್ಡ ದೊಡ್ಡ ಮರಗಳು. ಮರದಲ್ಲಿ ಬಾವಲಿಗಳು ತಲೆ ಕೆಳಗಾಗಿ ನೇತಾಡುತ್ತಿದ್ದವು. ನಡುವೆ ಬೂದುಬಣ್ಣದ ದೊಡ್ಡ ಬಂಡೆ.

ಈ ಬಂಡೆಗೆ ಎಷ್ಟು ವಯಸ್ಸು ಗೊತ್ತಾ? ಸುಮಾರು 300 ಕೋಟಿ ವರ್ಷ! ಭೂಮಿಯ ಮೇಲೆ ಮನುಷ್ಯ, ಮರ, ಹುಲ್ಲು ಯಾವುದೂ ಇಲ್ಲದ ಕಾಲದ ಕಲ್ಲು ಇದು.

ನಮ್ಮ ಕೆಜಿಎಫ್ ಗಣಿಯ ಕಲ್ಲೂ ಬಹಳ ಹಳೆಯದೇ. ಅದು ಕಪ್ಪು ಕಲ್ಲು. ಅದರೊಳಗೆ ಬಿಳಿ ಕಲ್ಲಿನ ಪಟ್ಟೆ. ಆ ಪಟ್ಟೆಯಲ್ಲಿ ಚಿನ್ನ. ಅದನ್ನು ಹುಡುಕುತ್ತಾ ನಮ್ಮ ಗಂಡಸರು ಭೂಮಿಯೊಳಗೆ 3 ಕಿಲೋಮೀಟರಿಗಿಂತ ಆಳ ಇಳಿದರು. ಬೆಂಗಳೂರಿನ ಈ ಬಂಡೆಯಲ್ಲಿ ಚಿನ್ನ ಸಿಗಲಿಲ್ಲ. ಆದರೂ ಜನ ಇದನ್ನು ಉಳಿಸಿಕೊಂಡರು.

ಬಂಡೆಯ ಮೇಲೆ ಒಂದು ಕಾವಲು ಗೋಪುರ ಇದೆ. ಹಿಂದಿನ ಕಾಲದಲ್ಲಿ ಕಾವಲುಗಾರ ಇಲ್ಲಿ ನಿಂತು ಕಹಳೆ ಊದುತ್ತಿದ್ದ, ಊರಿಗೆ ಎಚ್ಚರಿಕೆ ಕೊಡುತ್ತಿದ್ದ ಅಂತ ಜನ ಹೇಳುತ್ತಾರೆ. ಕೆಜಿಎಫ್‌ನಲ್ಲಿ ಗಣಿಯ ಸೈರನ್ ಕೇಳಿ ಊರು ಏಳುತ್ತಿತ್ತಲ್ಲ, ಹಾಗೆ. 2001ರಲ್ಲಿ ಗಣಿ ಮುಚ್ಚಿತು. ಸೈರನ್ ನಿಂತಿತು. ಇಲ್ಲಿ ಕಹಳೆಯೂ ನಿಂತು ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಉಳಿದಿದೆ.

ಪಕ್ಕದ ಬಸವಣ್ಣನ ಗುಡಿಯ ಹತ್ತಿರ ಕಾರ್ತಿಕ ಮಾಸದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಈಗ ಸುತ್ತ ಮನೆ, ಅಂಗಡಿ. ಹಿಂದೆ ಇಲ್ಲಿ ಕಡಲೆಕಾಯಿ ಹೊಲಗಳೇ ಇದ್ದವಂತೆ.

ಗಾಳಿ ಬೇಕು ಅಂತ ಕಲಿತದ್ದು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲಿ ಇಕ್ಕಟ್ಟಿನ ಮನೆಗಳು. ಗಾಳಿ ಇಲ್ಲ, ಬೆಳಕು ಇಲ್ಲ. ಇಲಿ ಹೆಚ್ಚು. ಬಹಳ ಜನ ಸತ್ತರು. ಆಗ ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ಬೆಳೆದವು. ಅಲ್ಲಿ ಅಗಲ ರಸ್ತೆ ಮಾಡಿದರು. ಮನೆಗಳ ನಡುವೆ ಜಾಗ ಬಿಟ್ಟರು. ಊರಿಗೆ ಉಸಿರಾಡಲು ಜಾಗ ಬೇಕು ಅಂತ ಜನ ಕಷ್ಟಪಟ್ಟು ಕಲಿತರು.

ಇದು ಕೇಳಿ ಕೆಜಿಎಫ್‌ನ ಒಬ್ಬ ತಂಗಿ ಹೇಳಿದಳು: "ನಮ್ಮ ಲೈನ್ ಮನೇಲಿ ಒಂದೇ ಕೋಣೆ. ಗಾಳಿ ಬೀಸಿದರೆ ಸೈನೈಡ್ ದಿಬ್ಬದ ಧೂಳು. ನಮಗೇ ಅಲ್ಲವಾ ಪಾರ್ಕು ಹೆಚ್ಚು ಬೇಕಾದದ್ದು?"

ಹೌದು. ದೊಡ್ಡ ಮನೆ, ಅಂಗಳ ಇರುವವರಿಗೆ ಪಾರ್ಕು ಇಲ್ಲದಿದ್ದರೂ ನಡೆಯುತ್ತದೆ. ಇಲ್ಲದವರಿಗೇ ಪಾರ್ಕು ಬೇಕು.

ನಮ್ಮ ಜಿಲ್ಲೆಯವರು

ಪಾರ್ಕಿನಲ್ಲಿ ಒಂದು ಪ್ರತಿಮೆ ಕಂಡೆವು. ಡಿ.ವಿ. ಗುಂಡಪ್ಪನವರದು. ಡಿವಿಜಿ ಅಂತ ಎಲ್ಲರೂ ಕರೆಯುತ್ತಾರೆ. 1887ರಲ್ಲಿ ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದವರು. 'ಮಂಕುತಿಮ್ಮನ ಕಗ್ಗ' ಬರೆದವರು. ಅವರು ಮೆಟ್ರಿಕ್ ಪಾಸಾಗಿರಲಿಲ್ಲ. ತಾವೇ ಓದಿ ಓದಿ ದೊಡ್ಡ ವಿದ್ವಾಂಸರಾದರು. 2003ರಲ್ಲಿ ಇಲ್ಲಿ ಅವರ ಪ್ರತಿಮೆ ನಿಲ್ಲಿಸಿದರು.

"ನಮ್ಮ ಕಡೆಯೋರು ಇಲ್ಲೇ ಕೂತಿದ್ದಾರೆ. ನಾವು ಕೂತರೆ ಏನು?" ಅಂದರು ಹಿರಿಯ ಅಕ್ಕ. ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಬರಿದೇ ಕೂತು ಎಷ್ಟು ವರ್ಷವಾಗಿತ್ತು ಅಂತ ಒಬ್ಬೊಬ್ಬರೂ ಲೆಕ್ಕ ಹಾಕಿದರು. ಯಾರಿಗೂ ನೆನಪಿಗೆ ಬರಲಿಲ್ಲ.

ಕೇಳಿದರೆ ಉಳಿಯುತ್ತದೆ

ಪಾರ್ಕು ತಾನಾಗಿ ಉಳಿಯುವುದಿಲ್ಲ. ಊರಿನ ನಡುವೆ ಖಾಲಿ ಜಾಗ ಕಂಡರೆ ಬೇಡುವವರು ಬಹಳ. ಬೆಂಗಳೂರಿನಲ್ಲೇ ನಡೆದ ಒಂದು ಸಂಗತಿ ಕೇಳಿ.

ರಾಜಮಹಲ್ ವಿಲಾಸ ಅಂತ ಒಂದು ಬಡಾವಣೆ. ಅಲ್ಲಿ ಒಂದು ಜಾಗ. ನಕ್ಷೆಯಲ್ಲಿ ಅದನ್ನು ಪಾರ್ಕಿಗೆ ಅಂತ ಬಿಟ್ಟಿದ್ದರು. ಆಮೇಲೆ ಅದನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟರು. ಬಡಾವಣೆಯ ಜನ ಸುಮ್ಮನಿರಲಿಲ್ಲ. ಕೋರ್ಟಿಗೆ ಹೋದರು. ಮೊದಲು ಸೋತರು. ಮೇಲ್ಮನವಿ ಹಾಕಿದರು, ಗೆದ್ದರು. ಕೊನೆಗೆ ವಿಷಯ ದೆಹಲಿಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1991ರಲ್ಲಿ ತೀರ್ಪು ಬಂತು. ಪಾರ್ಕಿನ ಜಾಗ ಪಾರ್ಕಿಗೇ ಅಂತ ಕೋರ್ಟು ಹೇಳಿತು.

ಆಸ್ಪತ್ರೆ ಒಳ್ಳೇದಲ್ಲವಾ ಅಂತ ನೀವು ಕೇಳಬಹುದು. ಒಳ್ಳೇದೇ. ಆದರೆ ಪಾರ್ಕು ಎಲ್ಲರದು. ಖಾಸಗಿ ಆಸ್ಪತ್ರೆ ದುಡ್ಡು ಕೊಟ್ಟವರದು. ಎಲ್ಲರ ಜಾಗ ಕಿತ್ತು ಕೆಲವರಿಗೆ ಕೊಡಬಾರದು.

ಪಾರ್ಕು, ಆಟದ ಮೈದಾನಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಕಾನೂನು ಇದೆ. ಪಾರ್ಕು ಮಾಡುವುದು ಪುರಸಭೆ, ನಗರಸಭೆಗಳು ಮಾಡಬಹುದಾದ ಕೆಲಸ ಅಂತ ನಮ್ಮ ಸಂವಿಧಾನದಲ್ಲೇ ಬರೆದಿದೆ. 1992ರ ತಿದ್ದುಪಡಿಯಲ್ಲಿ ಅದು ಸೇರಿತು. ಅದೇ ತಿದ್ದುಪಡಿ ಈ ಸಭೆಗಳಲ್ಲಿ ಹೆಂಗಸರಿಗೆ ಮೂರರಲ್ಲಿ ಒಂದು ಸ್ಥಾನಕ್ಕೆ ಕಡಿಮೆ ಇಲ್ಲದ ಹಾಗೆ ಮೀಸಲು ಕೊಟ್ಟಿತು.

ಊರಿಗೆ ಬಂದ ಮೇಲೆ

ನಮ್ಮ ಕೇಂದ್ರದ ಹತ್ತಿರವೂ ಒಂದು ಖಾಲಿ ಜಾಗ ಇದೆ. ಮಕ್ಕಳು ಆಡಲಿ ಅಂತ ಬಿಟ್ಟ ಜಾಗ ಅದು ಅಂತ ಹಿರಿಯರು ಹೇಳುತ್ತಾರೆ. ಈಗ ಅಲ್ಲಿ ಕಸದ ರಾಶಿ. ಬೆಂಗಳೂರಿನಿಂದ ಬಂದ ಮಾರನೇ ದಿನ ನಾವು ಒಂದು ಅರ್ಜಿ ಬರೆದೆವು. ಕಸ ತೆಗೆಸಿ. ನಾಲ್ಕು ಬೇವಿನ ಗಿಡ, ಎರಡು ಬೆಂಚು ಹಾಕಿಸಿ. ಕತ್ತಲಾದ ಮೇಲೂ ಹೆಂಗಸರು ಓಡಾಡುವಂತೆ ಒಂದು ದೀಪ ಹಾಕಿಸಿ. ಇಷ್ಟೇ ಬರೆದದ್ದು. ಕೆಳಗೆ ಹತ್ತೊಂಬತ್ತು ಸಹಿ. ಒಂದೂ ಹೆಬ್ಬೆಟ್ಟು ಇಲ್ಲ.

ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಇನ್ನೊಂದು ಬರೆಯುತ್ತೇವೆ. ಬರೆಯಲು ಈಗ ಬರುತ್ತದಲ್ಲ!

ಕೂಡಿ ಮಾತಾಡೋಣ

1. ನಿಮ್ಮ ಊರಿನಲ್ಲಿ ಎಲ್ಲರೂ ಕೂರುವಂಥ ಜಾಗ ಎಲ್ಲಿದೆ? ಅಲ್ಲಿ ಹೆಂಗಸರು ಕೂರುತ್ತಾರಾ? ಇಲ್ಲದಿದ್ದರೆ ಯಾಕೆ?

2. ನಿಮ್ಮ ವಾರ್ಡಿನ ಸದಸ್ಯರ ಹೆಸರು ಏನು? ಕೇಳಿ ತಿಳಿದು ಬರೆಯಿರಿ.

3. ಒಂದು ಅರ್ಜಿಯಲ್ಲಿ ಏನೇನು ಇರಬೇಕು? ಎಲ್ಲರೂ ಸೇರಿ ಒಂದು ಅರ್ಜಿ ಬರೆಯಿರಿ.